ಇನ್ನೊಬ್ಬರ ಹೆಸರಿಗೆ ಎತ್ತಿದ ಕೈ

ನಮ್ಮ ಕಡೆಯ ಫುಟ್‌ಬಾಲ್ ಟೂರ್ನಮೆಂಟುಗಳಲ್ಲಿ ಆಟಕ್ಕೆ ಮೊದಲು ಹೆಸರು ಕೂಗುವ ಪದ್ಧತಿ ಇತ್ತು. ರೆಫ್ರಿ ಎರಡೂ ತಂಡಗಳನ್ನು ಸುಣ್ಣದ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರನ್ನೂ ಅಪ್ಪನ ಹೆಸರಿನ ಜೊತೆ ಕೂಗುತ್ತಿದ್ದ. ಹೆಸರಿನವನು ಕೈ ಎತ್ತಿ ‘ಹಾಜರ’ ಎನ್ನಬೇಕು. ಜನ ಇದಕ್ಕೆಂದೇ ಬೇಗ ಬಂದು ಕೂಡುತ್ತಿದ್ದರು. ತಮ್ಮ ಹುಡುಗನ ಹೆಸರು, ಅದರ ಬೆನ್ನಿಗೆ ತಮ್ಮ ಹೆಸರು ಮೈದಾನದ ತುಂಬ ಕೇಳಿಸುವುದು ಸಣ್ಣ ಮಾತಲ್ಲ. ಕೆಲವು ಅಪ್ಪಂದಿರು ಅಷ್ಟು ಕೇಳಿಸಿಕೊಂಡು, ಆಟ ನೋಡದೆಯೇ ಎದ್ದು ಹೊಲಕ್ಕೆ ಹೋಗುತ್ತಿದ್ದರು.

ಬಬಲೇಶ್ವರದ ಅಂಬಾದಾಸ ಏಳೆಂಟು ವರ್ಷ ಈ ಸಾಲಿನಲ್ಲಿ ನಿಂತ. ಬಿಜಾಪುರ, ತಿಕೋಟಾ, ಜಮಖಂಡಿ, ಇಂಡಿ, ಒಮ್ಮೊಮ್ಮೆ ಸೋಲಾಪುರ. ಒಂದು ಸಲವೂ ಅವನು ತನ್ನ ಹೆಸರಿಗೆ ಕೈ ಎತ್ತಲಿಲ್ಲ. ಅವನು ಬದಲಿ ಆಟಗಾರ. ಊರ ತಂಡದಲ್ಲಿ ಊರವರೇ ಆಡಬೇಕು ಎಂಬ ನಿಯಮವಿತ್ತು. ಊರವರಿಗೆ ಗೋಲು ಹೊಡೆಯಲು ಬರುತ್ತಿರಲಿಲ್ಲ. ಆದ್ದರಿಂದ ಊರವನ ಹೆಸರು ಕೊಟ್ಟು ಅಂಬಾದಾಸನನ್ನು ನಿಲ್ಲಿಸುತ್ತಿದ್ದರು. ಎಲ್ಲರೂ ಮಾಡುವ ಕಳ್ಳತನವಾದ್ದರಿಂದ ಯಾರೂ ಅದನ್ನು ಕಳ್ಳತನ ಎನ್ನುತ್ತಿರಲಿಲ್ಲ.

ನಾನು ಖಂಡಪ್ಪ, ತಿಕೋಟಾದವನು, ಕುರಿ ಕಾಯುವ ಮನೆತನ. ಗೋಲು ಕಾಯುವುದು ನನಗೆ ಒಗ್ಗಿದ್ದು ಅದರಿಂದಲೇ ಇರಬೇಕು. ಒಂದೇ ಕಡೆ ನಿಂತು ದೂರಕ್ಕೆ ಕಣ್ಣಿಟ್ಟಿರುವುದು ನಮಗೆ ಹೊಸದಲ್ಲ. ಅಂಬಾದಾಸ ಎದುರಿನ ತುದಿಯಲ್ಲಿ ಆಡುತ್ತಿದ್ದ. ಬರಿಗಾಲಿಗೆ ಹಳೆಯ ಧೋತರದ ಪಟ್ಟಿ ಸುತ್ತಿಕೊಂಡು, ಎಡಕ್ಕೆ ಹೋಗುವವನಂತೆ ಭುಜ ತಗ್ಗಿಸಿ ಬಲಕ್ಕೆ ನುಗ್ಗುತ್ತಿದ್ದ. ಎಲ್ಲರಿಗೂ ಗೊತ್ತಿದ್ದ ಉಪಾಯ, ಆದರೂ ಎಲ್ಲರೂ ಮೋಸ ಹೋಗುತ್ತಿದ್ದರು. ಗೋಲು ಹೊಡೆದಾಗ ಅವನ ಮುಖ ಹೇಗಿರುತ್ತಿತ್ತೋ ನಾನು ನೋಡಲಿಲ್ಲ. ನನಗೆ ಕಂಡದ್ದು ಬೆನ್ನು ಮಾತ್ರ. ಜನ ಆವತ್ತಿನ ಹೆಸರನ್ನು, ಶಂಕರಗೌಡಾ ಎಂದೋ ಮಲ್ಲೇಶಾ ಎಂದೋ ಕೂಗುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ನಡುಗೆರೆಗೆ ವಾಪಸು ಬರುತ್ತಿದ್ದ.

ನಮ್ಮೂರು ತಿಕೋಟಾದಲ್ಲೇ ಒಮ್ಮೆ ಹೀಗಾಯಿತು. ಆಟದ ದಿನ ಮಧ್ಯಾಹ್ನ ಊರ ದೊಡ್ಡ ಮನೆಯಲ್ಲಿ ತಂಡಕ್ಕೆಲ್ಲ ಊಟ. ಎದುರು ತಂಡದವರೂ ಬಂದು ಕೂತಿದ್ದರಿಂದ ಅಂಬಾದಾಸನನ್ನು ಶಂಕರಗೌಡನೆಂದು ಪಡಸಾಲೆಯಲ್ಲಿ, ನಮ್ಮ ಸಾಲಿನಲ್ಲೇ ಕೂಡಿಸಿದರು. ಹೋಳಿಗೆ, ತುಪ್ಪ, ಮೇಲೆ ಇನ್ನೊಂದು ಹೋಳಿಗೆ ಎಂಬ ಒತ್ತಾಯ. ಸಂಜೆ ಗೆದ್ದು ಬಂದೆವು. ಎದುರು ತಂಡದವರು ಬಸ್ಸು ಹತ್ತಿ ಹೋಗಿದ್ದರು. ಅದೇ ಮನೆಯವರು ಅಂಬಾದಾಸನಿಗೆ ದನದ ಕೊಟ್ಟಿಗೆಯ ಕಡೆ ಎಲೆ ಹಾಕಿದರು. ಅವನು ಹೋಗಿ ಕೂತು ಉಂಡ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹೇಳಿದ, “ಖಂಡೂ, ಮಧ್ಯಾಹ್ನದ ಹೋಳಿಗಿ ಸಂಜಿನ್ಯಾಗೂ ಅದನ ಇತ್ತು ನೋಡಪಾ. ನಾನ ಬ್ಯಾರೆ ಆಗಿದ್ನಿ.” ನನಗೆ ಆ ಮನೆಯವರ ಮೇಲೆ ಇವತ್ತಿಗೂ ಸಿಟ್ಟಿದೆ. ಆವತ್ತು ಅವರ ಪಡಸಾಲೆಯಲ್ಲಿ ನಾನೂ ಸಂಜೆಯ ಊಟ ಮಾಡಿದೆ, ಅದನ್ನೂ ಮರೆತಿಲ್ಲ.

ಅಂಬಾದಾಸನ ಅಪ್ಪ ಕರೆಪ್ಪ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದ. ತಾಯಿ ಪರಸವ್ವ ಕೂಲಿ ಮಾಡಿ ಸಾಕಿದಳು. ಐವತ್ತೇಳನೇ ಇಸವಿಯಲ್ಲಿ ಆಕೆ ತಮ್ಮ ಕೇರಿಯ ನಾಲ್ಕು ಜನರ ಜೊತೆ ಸೋಲಾಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದಳು. ಬಂದವಳೇ ಸಂತೆಯಲ್ಲಿ ಒಂದು ಜೋಡಿ ಚಪ್ಪಲಿ ಕೊಂಡಳು. ಅಲ್ಲಿಯತನಕ ಅವರ ಕೇರಿಯವರು ದೊಡ್ಡವರ ವಾಡೆಯ ಮುಂದೆ ಹಾಯುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಪರಸವ್ವ ಮೆಟ್ಟಿಕೊಂಡೇ ಹಾಯ್ದಳು. ಯಾರನ್ನೂ ‘ಧಣಿ’ ಎನ್ನುವುದನ್ನೂ ಬಿಟ್ಟಳು. ಆ ಒಂದು ಮಾತು ಬಿಟ್ಟದ್ದಕ್ಕೆ ಆಕೆಯನ್ನು ಹೊಲದ ಕೆಲಸಕ್ಕೆ ಕರೆಯುವುದು ನಿಂತಿತು. ಆಕೆ ರಸ್ತೆ ಕೆಲಸದ ಖಡಿಕಲ್ಲು ಒಡೆಯಲು ಹೋದಳೇ ಹೊರತು ಮಾತನ್ನು ತಿರುಗಿ ಬಾಯಿಗೆ ತರಲಿಲ್ಲ.

ಇಂಥ ಹೆಂಗಸಿಗೆ ಮಗನ ಕಸುಬು ಹೇಗೆ ಸೇರಬೇಕು? ನಾನು ಒಮ್ಮೆ ಅವರ ಮನೆಗೆ ಹೋದಾಗ, ಯವ್ವಾ, ಮಗನ ಆಟ ನೋಡಾಕ ಒಮ್ಮಿ ಬಾ ಎಂದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಆಡಬ್ಯಾಡ ಅನ್ನಂಗಿಲ್ಲಪಾ ನಾ. ಕಾಲಾಗ ಶಕ್ತಿ ಐತಿ, ಆಡ್ಲಿ. ಆದ್ರ ಮಂದಿ ಹೆಸರಿಗಿ ಕೈ ಎತ್ತೂ ಮಗನ್ನ ನೋಡಾಕ ನಾ ಬರಂಗಿಲ್ಲ. ಅಂಬಾದಾಸ ಕರೆಪ್ಪ ಅಂತ ಕೂಗೂ ದಿನಾ ಹೇಳ್ರಿ. ಎಲ್ಲಿದ್ರೂ ನಡಕೋತ ಬರ್ತೀನಿ.”

ಅಂಬಾದಾಸ ಹೊಸ್ತಿಲಲ್ಲಿ ಕೂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದ. ಆ ಮಾತು ಅವನೊಳಗೆ ಇಳಿದದ್ದು ನನಗೆ ಆಮೇಲೆ ಗೊತ್ತಾಯಿತು. ಯಾವ ತಂಡದವರು ಕರೆಯಲು ಬಂದರೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ, “ನನ್ನ ಹೆಸರಿನಾಗ ಆಡಸ್ತೀರೇನ್ರಿ?” ಅವರು ನಗುತ್ತಿದ್ದರು. ಇವನೂ ನಕ್ಕು ಅವರು ಕೊಟ್ಟ ಹೆಸರು ಬಾಯಿಪಾಠ ಮಾಡಿಕೊಳ್ಳುತ್ತಿದ್ದ, ಅಪ್ಪನ ಹೆಸರಿನ ಸಮೇತ.

ಅರವತ್ತನಾಲ್ಕರಲ್ಲಿ ಬಿಜಾಪುರದ ಒಬ್ಬ ಸಾಹುಕಾರ ಅವನನ್ನು ಕರೆಸಿದ. ಇಬ್ರಾಹಿಂಪುರದ ಕಡೆ, ರೈಲು ಹಳಿಯ ಮಗ್ಗುಲಿಗೆ ಅವನ ಅರಳೆ ಕಾರಖಾನೆ. ಹೆಸರು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಕಾರಖಾನೆಗೊಂದು ಫುಟ್‌ಬಾಲ್ ತಂಡವಿತ್ತು, ಆ ಹೊತ್ತಿಗೆ ನಾನೂ ಅದರಲ್ಲಿ ಸೇರಿದ್ದೆ. ಸಾಹುಕಾರನ ತಮ್ಮನ ಮಗ ತುಕಾರಾಮ ಎಂಬುವನು ಪುಣೆಯಲ್ಲಿ ಬೆಳೆದವನು, ಊರಲ್ಲಿ ಮುಖ ಕಂಡವರು ಕಡಿಮೆ. ತಂಡದ ಸೆಂಟರ್ ಫಾರ್ವರ್ಡ್ ಎಂದು ಅವನ ಹೆಸರು ಕೊಟ್ಟಿದ್ದರು. ಚೆಂಡು ಕಂಡರೆ ಪಕ್ಕಕ್ಕೆ ಸರಿಯುವ ಹುಡುಗ.

“ಈ ವರ್ಷ ತುಕಾರಾಮನ ಹೆಸರಿನಾಗ ಆಡು,” ಎಂದ ಸಾಹುಕಾರ. “ಫೈನಲ್ ಗೆದ್ದು ಕಪ್ಪು ತಂದು ಕೊಡು. ಬರೂ ವರ್ಷ ನಿನ್ನ ಹೆಸರಿನಾಗ ತಂಡಕ್ಕ ತಗೋತೀನಿ. ಕಾರಖಾನ್ಯಾಗ ಕಾಯಂ ಕೆಲಸ. ನನ್ನ ಮಾತ ಅಂದ್ರ ಮಾತ.”

ಅಂಬಾದಾಸನಿಗೆ ಆಗ ಮೂವತ್ತು ಹತ್ತಿರವಾಗಿತ್ತು. ಬಲ ಮೊಣಕಾಲು ಆಟ ಮುಗಿದ ರಾತ್ರಿಯೆಲ್ಲ ಬಾತಿರುತ್ತಿತ್ತು. ಭುಜ ತಗ್ಗಿಸುವ ಉಪಾಯ ಇನ್ನೂ ನಡೆಯುತ್ತಿತ್ತು, ಆದರೆ ನುಗ್ಗುವ ಕಾಲಿಗೆ ಮೊದಲಿನ ಚುರುಕು ಇರಲಿಲ್ಲ. ಇನ್ನೊಂದೆರಡು ವರ್ಷ ಅಷ್ಟೇ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾರಖಾನೆಯ ಗೋಡೆಗೆ ಒರಗಿ ಕೂತು ಹೇಳಿದ, “ಬರೂ ವರ್ಷ ನಮ್ಮ ಬಬಲೇಶ್ವರದಾಗ ಟೂರ್ನಮೆಂಟ ಇಡಸ್ತಾರಂತ. ಅವ್ವ ನಡಕೋತ ಬರೂದೂ ಬ್ಯಾಡ ಖಂಡೂ. ಮನಿ ಬಿಟ್ಟರ ಮೈದಾನ.” ನಾನು ಅಷ್ಟು ಖುಷಿಯಲ್ಲಿ ಅವನನ್ನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಫೈನಲ್ ಆಟ ಬಿಜಾಪುರದಲ್ಲಿ, ಜಮಖಂಡಿ ಕಡೆಯ ಒಂದು ಕ್ಲಬ್ಬಿನ ಮೇಲೆ. ಆ ಕ್ಲಬ್ಬಿನ ಕಾರ್ಯದರ್ಶಿ ಹಣಮಂತರಾವ್ ಎಂಬ ವಕೀಲರು. ಹೋದ ವರ್ಷ ತಮ್ಮೂರಲ್ಲೇ ಬೇರೆ ಹೆಸರಲ್ಲಿ ಆಡಿದವನು ಇವನೇ ಎಂದು ಅವರಿಗೆ ಸಂಶಯ. ಹೆಸರು ಕೂಗುವಾಗ ಹತ್ತಿರ ಬಂದು ನಿಂತು ನೋಡಿದರು. ಅಂಬಾದಾಸ ತುಕಾರಾಮನಾಗಿ ಕೈ ಎತ್ತಿದ. ಸುತ್ತ ಕೂತ ಬಿಜಾಪುರದವರಿಗೆಲ್ಲ ನಿಜ ಗೊತ್ತಿತ್ತು. ಕಪ್ಪು ಊರಲ್ಲೇ ಉಳಿಯಲಿ ಎಂದು ಬಾಯಿ ಹೊಲಿದುಕೊಂಡರು.

ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಅಂಬಾದಾಸ ಗೋಲು ಹೊಡೆದ. ಚೆಂಡು ಬಲೆಗೆ ಬಿದ್ದ ಮೇಲೆ ಅವರ ಬ್ಯಾಕ್ ಒಬ್ಬ, ಬೂಟು ಹಾಕಿದವನು, ನಿಲ್ಲಲಾರದೆ ಬಂದು ಇವನ ಕಾಲಿನ ಮೇಲೆ ಬಿದ್ದ. ಆ ಸದ್ದು ಮೈದಾನದ ಇನ್ನೊಂದು ತುದಿಯಲ್ಲಿದ್ದ ನನಗೂ ಕೇಳಿಸಿತು. ನಾನು ಓಡಿ ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕಾಲು ಬೇರೆ ದಿಕ್ಕಿಗೆ ತಿರುಗಿತ್ತು. ಜನ ಇನ್ನೂ ಕುಣಿಯುತ್ತ ‘ತುಕಾರಾಮಾ’ ಎಂದು ಕೂಗುತ್ತಿದ್ದರು.

ಸಾಹುಕಾರ ತನ್ನ ಜೀಪಿನಲ್ಲೇ ದವಾಖಾನೆಗೆ ಒಯ್ದ, ನಾನೂ ಜೊತೆಗೆ ಹತ್ತಿದೆ. ವಕೀಲರು ಟಾಂಗಾ ಮಾಡಿಕೊಂಡು ಹಿಂದೆಯೇ ಬಂದರು. ಅವರು ನೋಡುತ್ತಿರುವಾಗಲೇ ಸಾಹುಕಾರ ದವಾಖಾನೆಯವರಿಗೆ ತುಕಾರಾಮ ಎಂದು ಹೇಳಿದ, ತನ್ನ ತಮ್ಮನ ಹೆಸರನ್ನು ಅಪ್ಪನ ಹೆಸರೆಂದು ಬರೆಸಿದ. ಆಮೇಲೆ ನಮ್ಮಿಬ್ಬರ ಕಿವಿಯಲ್ಲಿ ಹೇಳಿದ: ವಕೀಲ ತಕರಾರು ಕೊಟ್ಟಿದ್ದಾನೆ, ಬರುವ ವಾರ ವಿಚಾರಣೆ. ಸಾಬೀತಾದರೆ ಕಪ್ಪು ವಾಪಸು, ಬದಲಿ ಆಡಿದವನು ಜೀವಮಾನದಲ್ಲಿ ಮತ್ತೆ ಯಾವ ಹೆಸರಿನಲ್ಲೂ ಆಡುವಂತಿಲ್ಲ. ಅಲ್ಲಿಯವರೆಗೆ ನೀನು ತುಕಾರಾಮ. ಆಮೇಲೆ ನಿನ್ನ ಕಾಲೂ ನನ್ನದು, ಕೆಲಸವೂ ನನ್ನದು. ಅಂಬಾದಾಸ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ತಲೆ ಅಲ್ಲಾಡಿಸಿದ. ಬರುವ ವರ್ಷ ತನ್ನ ಹೆಸರು ಕೂಗಬೇಕಾದರೆ ಈ ವಾರ ಇನ್ನೊಬ್ಬನ ಹೆಸರಲ್ಲಿ ಮಲಗಬೇಕು, ಅಷ್ಟೇ ಎಂದುಕೊಂಡ.

ವಕೀಲರು ಊರಿಗೆ ಹೋಗದೆ ಬಿಜಾಪುರದ ಬೀಗರ ಮನೆಯಲ್ಲಿ ಉಳಿದರು. ದಿನಾ ವಾರ್ಡಿಗೆ ಬರುತ್ತಿದ್ದರು, ಮೋಸಂಬಿ ತರುತ್ತಿದ್ದರು, ತಾವೇ ಸುಲಿದು ತೊಳೆ ಬಿಡಿಸಿ ಕೊಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಮೋಸವಾಗಿದೆ ಎಂದು ಅವರಿಗೆ ಅನಿಸಿತ್ತು, ಆಗಿದ್ದೂ ನಿಜ. ನಿಮ್ಮ ಮನೆದೇವರು ಯಾವುದಪ್ಪಾ, ಪುಣೆಯಲ್ಲಿ ಯಾವ ಪೇಟೆಯಲ್ಲಿ ಇದ್ದಿರಿ ಎಂದು ನಯವಾಗಿ ಕೇಳುತ್ತಿದ್ದರು. ಅಂಬಾದಾಸ ಬಾಯಿಪಾಠ ಒಪ್ಪಿಸುತ್ತಿದ್ದ. ಏಳೆಂಟು ವರ್ಷದ ಅಭ್ಯಾಸ, ಎಲ್ಲೂ ತಪ್ಪಲಿಲ್ಲ.

ಅವನು ಲೆಕ್ಕಕ್ಕೆ ತಾರದೇ ಇದ್ದದ್ದು ಒಂದನ್ನು. ಬಬಲೇಶ್ವರದ ಬಸ್ಸಿನ ಕಂಡಕ್ಟರ್ ಆಟ ನೋಡಿದ್ದ. ಅವನು ಹೋಗಿ ಪರಸವ್ವನಿಗೆ ಹೇಳಿಬಿಟ್ಟ.

ಆಕೆ ಬಂದಾಗ ನಾನು ಮಂಚದ ಮಗ್ಗುಲಿಗೇ ಇದ್ದೆ. ವಕೀಲರು ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದರು. ಹೊರಗೆ ನರ್ಸಬಾಯಿ ಯಾರಿಗೋ ‘ಅಂಬಾದಾಸ ಅಂತ ಯಾರೂ ಇಲ್ಲ ಇಲ್ಲಿ’ ಎನ್ನುವುದು ನನಗೆ ಸಣ್ಣಗೆ ಕೇಳಿಸಿತು, ವಕೀಲರ ಲಕ್ಷ್ಯ ಹಣ್ಣಿನ ಮೇಲಿತ್ತು. ನಾನು ಏಳುವ ಮೊದಲೇ ಪರಸವ್ವ ಬಾಗಿಲು ದಾಟಿ ಬಂದಿದ್ದಳು. ಕಾಲಲ್ಲಿ ಚಪ್ಪಲಿ, ಬಗಲಲ್ಲಿ ರೊಟ್ಟಿಯ ಗಂಟು, ಮುಖದ ತುಂಬ ಧೂಳು. ನೇರ ಮಂಚದ ಕಡೆ ನಡೆದಳು.

“ಅಂಬ್ಯಾ,” ಎಂದಳು.

ವಕೀಲರ ಕೈ ನಿಂತಿತು. ಅವರು ಆಕೆಯನ್ನು ನೋಡಿದರು, ಮಂಚದಲ್ಲಿದ್ದವನನ್ನು ನೋಡಿದರು. ಬಹಳ ಮೆತ್ತಗೆ ಕೇಳಿದರು, “ಯಾರವಾ ನೀ? ಇಂವ ನಿನಗ ಏನಾಗಬೇಕು?”

ಪರಸವ್ವ ಮಗನ ಮುಖ ನೋಡಿದಳು. ಅಂಬಾದಾಸ ಗೋಡೆಯ ಕಡೆ ತಿರುಗಿದ. ಗೋಡೆಗೇ ಹೇಳಿದ ಅವನು, “ನಮ್ಮ ಹೊಲದಾಗ ದುಡಿಯಾಕಿರಿ.”

ಆಕೆಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಮಗನ ಕಸುಬು ಆಕೆಗೆ ಗೊತ್ತಿತ್ತು, ನರ್ಸಬಾಯಿಯ ಮಾತು ಕಿವಿಯಲ್ಲಿ ಇನ್ನೂ ಇತ್ತು. ಬಗ್ಗಿ ಚಪ್ಪಲಿ ಕಳಚಿದಳು. ಎರಡನ್ನೂ ಒಂದು ಕೈಯಲ್ಲಿ ಹಿಡಿದುಕೊಂಡಳು. ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಬಾಗಿಲ ಹತ್ತಿರ ಹೋಗಿ ನಿಂತಳು.

“ಹೌದ್ರಿ,” ಎಂದಳು. “ಸಣ್ಣ ಧಣ್ಯಾರ ಕಾಲ ಮುರದೈತಿ ಅಂತ ಕೇಳಿದ್ನಿರಿ. ನೋಡಿ ಹೋಗೂಣಂತ ಬಂದ್ನಿರಿ.”

“ಅಂಬ್ಯಾ ಅಂದಿಯಲ್ಲ?”

“ನನ್ನ ಮಗನ ಹೆಸರ್ರಿ ಅದು. ಕಣ್ಣ ಮಂಜ ಆಗ್ಯಾವ್ರಿ, ದೂರಿಂದ ಅವನಂಗ ಕಂಡ್ರು. ತಪ್ಪಾತ್ರಿ ಧಣಿ.”

“ಎಲ್ಲಿದ್ದಾನ ಅಂವ, ನಿನ್ನ ಮಗ?”

“ಇಲ್ಲರಿ,” ಎಂದಳು. “ಹ್ವಾದ್ರಿ.”

ವಕೀಲರು ಪಾಪ ಎಂದು ನಾಲಿಗೆ ಲೊಚಗುಟ್ಟಿದರು. ಆಮೇಲೆ ಅವರ ಕಣ್ಣು ಗಂಟಿನ ಮೇಲೆ ಬಿತ್ತು. “ಧಣ್ಯಾರಿಗೇನು ತಂದಿ ಗಂಟಿನಾಗ?” ಎಂದರು. ಪ್ರಶ್ನೆ ಚೂರಿಯಂತಿತ್ತು, ಅವರು ಬೇಕೆಂದೇ ಕೇಳಿದರು. ಆಕೆ ಮುಟ್ಟಿದ ರೊಟ್ಟಿಯನ್ನು ದೊಡ್ಡ ಮನೆತನದ ತುಕಾರಾಮ ತಿನ್ನುವಂತಿಲ್ಲ. ತಿಂದರೆ ವಕೀಲರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

“ನನ್ನ ಬುತ್ತಿರಿ,” ಎಂದಳು ಪರಸವ್ವ, ಗಂಟನ್ನು ಬಗಲಿಗೆ ಒತ್ತಿಕೊಂಡು. “ನಾ ತಂದದ್ದ ಅವ್ರು ಹೆಂಗ ಉಣ್ತಾರ್ರಿ?”

ನೆಲಕ್ಕೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ದೀಕ್ಷೆ ತೆಗೆದುಕೊಂಡ ಮೇಲೆ ದೇವರಿಗೂ ಬಗ್ಗದ ಹೆಂಗಸು ಅಷ್ಟು ಮಾಡಿ, ಬರಿಗಾಲಲ್ಲಿ ಹೋದಳು. ಅಂಬಾದಾಸ ಗೋಡೆಯ ಕಡೆಯಿಂದ ತಿರುಗಲೇ ಇಲ್ಲ. ವಕೀಲರು ಕೊಟ್ಟ ಮೋಸಂಬಿ ತೊಳೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ, ರಸ ಮೊಳಕೈತನಕ ಇಳಿದಿತ್ತು.

ಹೊರಗೆ ವಕೀಲರು ನನ್ನ ಹತ್ತಿರ ಹೇಳಿದರು, “ಒಂದ ಗಳಿಗಿ ನನಗ ಆಕಿ ತಾಯಿನ ಇರಬೇಕು ಅನಿಸಿತ್ತು ನೋಡು. ಆದ್ರ ಹಡದಾಕಿ ಹಂಗ ಚಪ್ಪಲಿ ಕೈಯಾಗ ಹಿಡದು ನಿಂದ್ರಂಗಿಲ್ಲ.” ತಕರಾರು ಹಿಂದಕ್ಕೆ ತೆಗೆದುಕೊಂಡು ಊರಿಗೆ ಹೋದರು. ಕಪ್ಪು ಸಾಹುಕಾರನ ಪಡಸಾಲೆಗೆ ಬಂತು. ನಿಜವಾದ ತುಕಾರಾಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಿಕೊಂಡ. ನಾವು ಹತ್ತು ಜನ ಹಿಂದೆ ನಿಂತೆವು.

ಪ್ಲಾಸ್ಟರು ಬಿಚ್ಚಿದಾಗ ಕಾಲು ಸೊಟ್ಟಗೆ ಕೂಡಿತ್ತು, ಸ್ವಲ್ಪ ಗಿಡ್ಡವೂ ಆಗಿತ್ತು. ಅಂಬಾದಾಸ ಕೋಲು ಹಿಡಿದು ಕಾರಖಾನೆಗೆ ಹೋದ. ಸಾಹುಕಾರ ಅವನನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿದ. “ನೀನ ಹೇಳಪಾ, ಕುಂಟನ್ನ ತಂಡಕ್ಕ ತಗೊಂಡು ನಾ ಏನ ಮಾಡ್ಲಿ? ಕೆಲಸ ಕೊಡ್ತೀನಿ ಅಂದಿದ್ದು ಆಟಗಾರಗ,” ಎಂದ. ಅಲ್ಲಿಗೆ ಅವನ ಮಾತು ಮುಗಿಯಿತು.

ಅಂಬಾದಾಸ ಬಬಲೇಶ್ವರಕ್ಕೆ ತಾಯಿಯ ಮನೆಗೆ ಹೋದ. ಆಕೆ ಬೇಸರ ತೋರಿಸಲಿಲ್ಲ. ಕಾಲಿಗೆ ಎಣ್ಣೆ ತಿಕ್ಕಿದಳು, ಉಣ್ಣಲು ಇಟ್ಟಳು. ಆದರೆ ಹೆಸರು ಹಿಡಿದು ಕರೆಯುವುದು ನಿಂತಿತು. ಬಾ, ಉಣ್ಣು, ಮಲಕೋ, ಇಷ್ಟೇ. ನಾನು ಸಂತೆಗೆ ಹೋದಾಗ ಸಿಕ್ಕಿದ್ದ, “ಅವ್ವ ಚಪ್ಪಲಿ ಮೆಟ್ಟೂದ ಬಿಟ್ಟಾಳ ಖಂಡೂ,” ಎಂದ. ಬೇರೆ ಏನು ಮಾತಾಡಿದೆವೋ ನೆನಪಿಲ್ಲ.

ಮಾರನೇ ವರ್ಷ ಬಬಲೇಶ್ವರದಲ್ಲಿ ಟೂರ್ನಮೆಂಟು ಇಟ್ಟರು. ನಾವು ಹಳೆಯ ಆಟಗಾರರು ನಾಲ್ಕು ಜನ ಸೇರಿ, ಅಂಬಾದಾಸನಿಗೆ ಏನಾದರೂ ಕೊಡಲೇಬೇಕು ಎಂದು ಹಟ ಹಿಡಿದೆವು. ವೇಳೆ ನೋಡಿ ಗಂಟೆ ಬಾರಿಸುವ ಕೆಲಸ ಕೊಟ್ಟರು. ರೆಫ್ರಿ, ಲೈನ್ಸ್‌ಮನ್, ಗಂಟೆಯವನು, ಇವರ ಹೆಸರನ್ನೂ ಮೊದಲಿಗೆ ಕೂಗುವುದು ವಾಡಿಕೆ. ಅಂತೂ ಅವನ ಹೆಸರು ಅವನೂರ ಮೈದಾನದಲ್ಲಿ ಕೇಳಿಸುವುದಿತ್ತು. ಬೆಳಿಗ್ಗೆ ಅಂಬಾದಾಸ ನನ್ನನ್ನು ಮನೆಗೆ ಕಳಿಸಿದ. ತಾನೇ ಕರೆಯಲು ಅವನಿಗೆ ಬಾಯಿ ಬರಲಿಲ್ಲ.

ಪರಸವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಚಪ್ಪಲಿ ಒಳಗೆ ಗೂಟಕ್ಕೆ ಜೋತು ಬಿದ್ದಿದ್ದವು. ಯವ್ವಾ, ಇವತ್ತ ಅಂಬಾದಾಸ ಕರೆಪ್ಪ ಅಂತ ಕೂಗತಾರ, ಬಾ ಎಂದೆ. ಆಕೆ ಮೊರದಿಂದ ಕಣ್ಣೆತ್ತಲಿಲ್ಲ.

“ಅವತ್ತ ಮಗಾ ಹ್ವಾದ ಅಂತ ನನ್ನ ಬಾಯಿಲೆ ಅಂದ್ನೆಪಾ. ಆ ಮಾತ ತಟ್ಟಿ ಅವನ ಕಾಲ ಹೋತು, ಆಟ ಹೋತು. ಹಡದ ಬಾಯಿ ಹಂಗ ಅನ್ನಬಾರದಿತ್ತು. ಈಗ ಯಾವ ಬಾಯಿಲೆ ಇಂವ ನನ್ನ ಮಗಾ ಅನ್ಲಿ?”

“ಅವನ ಮ್ಯಾಲ ಸಿಟ್ಟೇನ ಯವ್ವಾ?”

“ಅವನ ಮ್ಯಾಲ ಯಾಕ ಸಿಟ್ಟು? ಅಂವ ಮೊದಲಿಂದ ಹೆಸರ ಬಿಟ್ಟಾವ. ನಾ ಬಿಡಬಾರದಿತ್ತು. ನಾ ಬಗ್ಗಿದ್ನಿ.” ಮೊರ ಕೆಳಗಿಟ್ಟಳು. “ಬರಂಗಿಲ್ಲ ಹೋಗಪಾ.”

ಬಂದು ಅಂಬಾದಾಸನಿಗೆ ಹಾಗೆಯೇ ಹೇಳಿದೆ. ಮುಚ್ಚಿಟ್ಟರೆ ಅವನು ಆಟವಿಡೀ ಜನರಲ್ಲಿ ಹುಡುಕುತ್ತಾನೆ ಎನಿಸಿತು. ಅವನು ಕೇಳಿಸಿಕೊಂಡು ಮೇಜಿನ ಹಿಂದೆ ಹೋಗಿ ಗಂಟೆ ಹಿಡಿದು ನಿಂತ. ನಾವು ಸುಣ್ಣದ ಗೆರೆಯ ಮೇಲೆ ಸಾಲಾದೆವು. ಹೊಸ ರೆಫ್ರಿ, ಹೊರಗಿನವನು, ತನ್ನ ಹೆಸರು ಹೇಳಿದ, ಲೈನ್ಸ್‌ಮನ್‌ಗಳ ಹೆಸರು ಕೂಗಿದ. ಆಮೇಲೆ ಕೂಗಿದ, “ಅಂಬಾದಾಸ ಕರೆಪ್ಪ.”

ಯಾರೂ ಕೈ ಎತ್ತಲಿಲ್ಲ. ಅಂಬಾದಾಸ ತನ್ನ ಕೇರಿಯಿಂದ ಬರುವ ದಾರಿಯನ್ನು ನೋಡುತ್ತಿದ್ದ. ದಾರಿಯಲ್ಲಿ ಎರಡು ಎತ್ತು ಬರುತ್ತಿದ್ದವು, ಹಿಂದೆ ಯಾರೂ ಇರಲಿಲ್ಲ. ರೆಫ್ರಿ ಇನ್ನೊಮ್ಮೆ ಕೂಗಿದ. ಊರವರೆಲ್ಲ ತಿರುಗಿ ಮೇಜಿನ ಕಡೆ ನೋಡತೊಡಗಿದರು.

ರೆಫ್ರಿಗೆ ತಾಳ್ಮೆ ತಪ್ಪಿತು. ಮೇಜಿನ ಹತ್ತಿರ ಬಂದು ಅವನನ್ನೇ ಕೇಳಿದ, “ಅಂಬಾದಾಸ ಅಂದ್ರ ಯಾರ್ರಿ? ಬಂದಾನೋ ಇಲ್ಲೋ?”

ಅವನು ಗಂಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ.

“ಅಂವ ಬಂದಿಲ್ಲರಿ,” ಎಂದ. ಕೋಲು ತೆಗೆದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದ. ನಾನು ನಿಂತಲ್ಲಿಂದ ನನಗೆ ಕಂಡದ್ದು ಅವನ ಬೆನ್ನು ಮಾತ್ರ.